ಸ್ನಾಯುವನ್ನು ತೂಗಿ ನೋಡಿದರೆ ಸಾಕೇ?

2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ತೂಕ ಇಳಿಸುವ ಚುಚ್ಚುಮದ್ದಿನ ಮಾತು ನಮ್ಮ ನಗರಗಳಲ್ಲಿ ಸಾಮಾನ್ಯವಾಯಿತು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಇದ್ದುದರಿಂದ, ಅಗ್ಗದ ದೇಶೀ ಔಷಧಿಗಳ ನಿರೀಕ್ಷೆಯೂ ಆಗಲೇ ಹುಟ್ಟಿತು. ಇವುಗಳ ಬೆನ್ನಿಗೇ ಬಂದದ್ದು ಒಂದು ಆತಂಕ: ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿಹೋಗುತ್ತದೆಯಂತೆ, ನಿಜವೇ?

ಆತಂಕಕ್ಕೆ ಆಧಾರವಿಲ್ಲದೆ ಇಲ್ಲ. ಸೆಮಾಗ್ಲುಟೈಡ್‌ನ ಸ್ಟೆಪ್-1 ಪ್ರಯೋಗದಲ್ಲಿ ಭಾಗವಹಿಸಿದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು. ಅವರಲ್ಲಿ ಒಂದು ಸಣ್ಣ ಗುಂಪನ್ನು, ದೇಹದ ಕೊಬ್ಬು, ಮೂಳೆ, ಉಳಿದ ಭಾಗಗಳನ್ನು ಕ್ಷ-ಕಿರಣದಿಂದ ಬೇರೆ ಬೇರೆಯಾಗಿ ಅಂದಾಜಿಸುವ ಡೆಕ್ಸಾ ಸ್ಕ್ಯಾನ್‌ಗೆ ಒಳಪಡಿಸಿದಾಗ, ಇಳಿದ ತೂಕದಲ್ಲಿ ಸುಮಾರು ಶೇ. 40ರಷ್ಟು ಕೊಬ್ಬಲ್ಲದ ಭಾಗ ಎಂದು ಕಂಡುಬಂತು. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್‌ನ ಪ್ರಯೋಗದಲ್ಲಿ ಈ ಪ್ರಮಾಣ ಸುಮಾರು ಕಾಲು ಭಾಗ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ‘ಕೊಬ್ಬಲ್ಲದ ಭಾಗ’ ಎಂಬುದು ಬಲುಬೇಗ ‘ಸ್ನಾಯು’ ಆಗಿಬಿಟ್ಟಿತು. ಆದರೆ ಡೆಕ್ಸಾ ಯಂತ್ರದ ಲೆಕ್ಕದಲ್ಲಿ ಯಕೃತ್ತು, ಮೂತ್ರಪಿಂಡ, ರಕ್ತ, ದೇಹದ ನೀರು, ಕೊನೆಗೆ ಕೊಬ್ಬಿನ ಅಂಗಾಂಶದೊಳಗೇ ಇರುವ ನೀರು ಮತ್ತು ಪ್ರೋಟೀನ್ ಕೂಡ ‘ಕೊಬ್ಬಲ್ಲದ ಭಾಗ’ಕ್ಕೇ ಸೇರುತ್ತವೆ. ಜಿಮ್‌ಗಳಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ಹಿಡಿಕೆ ಹಿಡಿಸಿ, ನಿಮಿಷದಲ್ಲಿ ‘ಮಸಲ್ ಮಾಸ್’ ಎಂದು ಚೀಟಿ ಮುದ್ರಿಸಿಕೊಡುವ ಯಂತ್ರವಂತೂ ಸ್ನಾಯುವನ್ನು ನೋಡುವುದೇ ಇಲ್ಲ. ಅದು ಅಳೆಯುವುದು ದೇಹದ ವಿದ್ಯುತ್ ನಿರೋಧವನ್ನು, ಉಳಿದದ್ದೆಲ್ಲ ಸೂತ್ರದ ಲೆಕ್ಕಾಚಾರ. ಬೆಳಿಗ್ಗೆ ನೀರು ಕುಡಿಯದೆ ಹೋದವನಿಗೂ ಸಂಜೆ ಎಳನೀರು ಕುಡಿದು ಹೋದವನಿಗೂ ಅದು ಬೇರೆ ಬೇರೆ ಅಂಕಿ ಕೊಡಬಲ್ಲದು.

ಯಂತ್ರಗಳ ನಿಖರತೆ ಚಿಕ್ಕ ಸಮಸ್ಯೆ. ಸ್ನಾಯುವನ್ನು ಕಿಲೋ ಲೆಕ್ಕದಲ್ಲಿ ಯೋಚಿಸುವ ಅಭ್ಯಾಸವೇ ಈ ಚರ್ಚೆಯನ್ನು ದಾರಿ ತಪ್ಪಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ. ಶರೀರಶಾಸ್ತ್ರದ ಪಠ್ಯಗಳು ಸ್ನಾಯು ಅಂಗಾಂಶವನ್ನು ಗುರುತಿಸುವುದು ಅದರ ಗುಣಗಳಿಂದ: ಪ್ರಚೋದನೆಗೆ ಸ್ಪಂದಿಸುವ ಗುಣ, ಆ ಪ್ರಚೋದನೆಯನ್ನು ತನ್ನುದ್ದಕ್ಕೂ ಸಾಗಿಸುವ ಗುಣ, ಸಂಕುಚಿಸುವ ಗುಣ, ಎಳೆದರೆ ಹಿಗ್ಗುವ ಗುಣ, ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುವ ಗುಣ. ಕೆಲವು ಪಠ್ಯಗಳು ಎರಡನೆಯದನ್ನು ಮೊದಲನೆಯದರಲ್ಲೇ ಸೇರಿಸಿ ನಾಲ್ಕು ಎನ್ನುತ್ತವೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದು ಮರೆತುಹೋಗುವ ಈ ಪಟ್ಟಿಯಲ್ಲಿ ತೂಕದ ಪ್ರಸ್ತಾಪವೇ ಇಲ್ಲ. ಈ ಗುಣಗಳಲ್ಲಿ ಯಾವುದೊಂದು ಕೆಟ್ಟರೂ, ಸ್ನಾಯು ಒಂದು ಗ್ರಾಂ ಕೂಡ ಕರಗದೆ, ಮನುಷ್ಯ ನಿಷ್ಕ್ರಿಯನಾಗಬಲ್ಲ.

ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ ಹಾವು ಕಡಿತ. ನಾಗರಹಾವಿನ ವಿಷದಲ್ಲಿರುವ ನರವಿಷವು ನರದ ತುದಿ ಸ್ನಾಯುವನ್ನು ಸಂಧಿಸುವ ಜಾಗದಲ್ಲಿ ಹೋಗಿ ಕೂರುತ್ತದೆ. ನರದಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸಂದೇಶವನ್ನು ಸ್ವೀಕರಿಸಬೇಕಾದ ಗ್ರಾಹಕಗಳನ್ನು ಅದು ಮುಚ್ಚಿಬಿಡುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ನಂತರ ಮಾತು ತೊದಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಪ್ರಧಾನ ಸ್ನಾಯುವಾದ ವಪೆ ನಿಲ್ಲುತ್ತದೆ. ಕಟ್ಟುಹಾವಿನ ವಿಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನರದ ತುದಿಯನ್ನೇ ಹಾಳುಮಾಡುತ್ತದೆ; ಅದು ಮತ್ತೆ ಬೆಳೆಯುವವರೆಗೆ ರೋಗಿಯನ್ನು ದಿನಗಟ್ಟಲೆ ವೆಂಟಿಲೇಟರ್‌ನಲ್ಲಿ ಇಡಬೇಕಾಗಬಹುದು. ಈ ಹಾವು ಬಹುಪಾಲು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಆ ಸಮಯದಲ್ಲಿ ರೋಗಿಯ ತೊಡೆಯಿಂದ ಒಂದು ಚೂರು ಸ್ನಾಯು ತೆಗೆದು ನೋಡಿದರೆ, ಅದರ ಗಾತ್ರ ಕಡಿಮೆಯಾಗಿರುವುದಿಲ್ಲ, ಸಂಕುಚಿಸುವ ಯಂತ್ರಾಂಗವೂ ಹಾಗೆಯೇ ಇರುತ್ತದೆ. ಆಜ್ಞೆ ಮಾತ್ರ ತಲುಪುತ್ತಿರುವುದಿಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ್ದು ಈ ದೃಷ್ಟಿಯಿಂದಲೂ ಸರಿಯಾದ ಕ್ರಮ, ಏಕೆಂದರೆ ಇಲ್ಲಿ ಬದುಕು ನಿಂತಿರುವುದು ಗಂಟೆಗಳ ಲೆಕ್ಕದ ಮೇಲೆ.

ವಿಷವೇ ಇಲ್ಲದೆಯೂ ಸ್ನಾಯು ಹೀಗೆ ಕಿವುಡಾಗುವುದುಂಟು. ವಿಶ್ರಾಂತ ಸ್ಥಿತಿಯಲ್ಲಿ ಸ್ನಾಯುಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣ ವಿಭವದಲ್ಲಿರುತ್ತದೆ. ಇದು ಮುಖ್ಯವಾಗಿ ಪೊಟ್ಯಾಸಿಯಂ ಅಯಾನುಗಳ ಹಂಚಿಕೆಯಿಂದ ಬಂದ ವ್ಯತ್ಯಾಸ. ರಕ್ತದಲ್ಲಿ ಪೊಟ್ಯಾಸಿಯಂ ಹಠಾತ್ತನೆ ಕುಸಿಯುವ ಒಂದು ಬಗೆಯ ತಾತ್ಕಾಲಿಕ ಪಾರ್ಶ್ವವಾಯುವಿನಲ್ಲಿ, ರಾತ್ರಿ ಗಡದ್ದಾಗಿ ಅನ್ನ ಉಂಡು ಮಲಗಿದ ಗಟ್ಟಿಮುಟ್ಟಾದ ಯುವಕ ಬೆಳಿಗ್ಗೆ ಎರಡೂ ಕಾಲು ಎತ್ತಲಾಗದೆ ಏಳುತ್ತಾನೆ. ಪೊಟ್ಯಾಸಿಯಂ ಕೊಟ್ಟರೆ ಗಂಟೆಗಳಲ್ಲಿ ನಡೆದಾಡುತ್ತಾನೆ. ಅವನ ಸ್ನಾಯು ರಾತ್ರೋರಾತ್ರಿ ಕರಗಿರಲೂ ಇಲ್ಲ, ಮಧ್ಯಾಹ್ನದೊಳಗೆ ಬೆಳೆಯಲೂ ಇಲ್ಲ.

ಪ್ರಚೋದನೆಯನ್ನು ಸಾಗಿಸುವ ಗುಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನರ ಮುಟ್ಟಿದ ಜಾಗದಿಂದ ವಿದ್ಯುತ್ ತರಂಗವು ಸ್ನಾಯು ತಂತುವಿನ ಎರಡೂ ಕಡೆಗೆ ಸೆಕೆಂಡಿಗೆ ಸುಮಾರು 3ರಿಂದ 5 ಮೀಟರ್ ವೇಗದಲ್ಲಿ ಹರಿಯುತ್ತದೆ ಮತ್ತು ಹೊರಪೊರೆಯಿಂದ ಒಳಕ್ಕೆ ಇಳಿದಿರುವ ಸೂಕ್ಷ್ಮ ಕೊಳವೆಗಳ ಮೂಲಕ ಆಳಕ್ಕೂ ತಲುಪುತ್ತದೆ. ಹಾಗಾಗಿಯೇ ದಪ್ಪ ತಂತುವಿನ ನಡುಭಾಗವೂ ಅಂಚಿನ ಜೊತೆಗೇ ಕೆಲಸ ಶುರುಮಾಡುತ್ತದೆ.

ಸಂಕುಚನದ ಒಳಗುಟ್ಟು ಬಯಲಾದದ್ದು 1954ರಲ್ಲಿ. ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದೇ ತೀರ್ಮಾನ ಪ್ರಕಟಿಸಿದರು. (ಇಬ್ಬರು ಹಕ್ಸ್ಲಿಗಳಿಗೂ ರಕ್ತಸಂಬಂಧವಿರಲಿಲ್ಲ.) ಸ್ನಾಯು ಗಿಡ್ಡವಾಗುವಾಗ ಅದರೊಳಗಿನ ಎಳೆಗಳು ಗಿಡ್ಡವಾಗುವುದಿಲ್ಲ, ಆಕ್ಟಿನ್‌ನ ತೆಳು ಎಳೆಗಳು ಮಯೋಸಿನ್‌ನ ದಪ್ಪ ಎಳೆಗಳ ನಡುವೆ ಜಾರಿಕೊಂಡು ಒಳಸೇರುತ್ತವೆ. ವಿದ್ಯುತ್ ತರಂಗ ಕೊಳವೆಗಳ ಮೂಲಕ ಇಳಿದಾಗ ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಅದು ಟ್ರೊಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಮಯೋಸಿನ್‌ಗೆ ದಾರಿ ತೆರೆಯುತ್ತದೆ, ಮಯೋಸಿನ್‌ನ ತಲೆ ಆಕ್ಟಿನ್ ಹಿಡಿದು ಎಳೆಯುತ್ತದೆ. ಈ ಎಳೆತಕ್ಕೆ ಕೋಶದ ಇಂಧನವಾದ ಎಟಿಪಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಬಿಡುವುದಕ್ಕೂ ಎಟಿಪಿಯೇ ಬೇಕು ಎಂಬುದು ಅಷ್ಟಾಗಿ ಗೊತ್ತಿಲ್ಲ. ಸತ್ತ ಕೆಲವು ಗಂಟೆಗಳ ಬಳಿಕ ದೇಹ ಸೆಟೆದುಕೊಳ್ಳುವುದು ಇದೇ ಕಾರಣಕ್ಕೆ: ಎಟಿಪಿ ಮುಗಿದಿದೆ, ಮಯೋಸಿನ್ ಹಿಡಿದ ಪಟ್ಟು ಬಿಡಲಾರದು.

ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಗರಿಷ್ಠ ಶ್ರಮದ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು ಮಾತ್ರ. ಆ ಬಳಿಕ ಕ್ಷಣಾರ್ಧದಲ್ಲಿ ಅದನ್ನು ಮರುಭರ್ತಿ ಮಾಡುವುದು ಫಾಸ್ಫೋಕ್ರಿಯಾಟಿನ್. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಂದಿಗೆ ಇದನ್ನು 1927ರಲ್ಲಿ ಪ್ರಕಟಿಸಿದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಜಿಮ್‌ಗೆ ಹೋಗುವವರು ಡಬ್ಬಿಯಿಂದ ಚಮಚದಲ್ಲಿ ತೆಗೆದು ಕುಡಿಯುವ ಕ್ರಿಯಾಟಿನ್ ಪುಡಿಯ ಹಿಂದೆ ಇರುವುದು ಈ ಶೋಧವೇ. ಆ ಪುಡಿ ಸ್ನಾಯುವಿನೊಳಗೆ ನೀರನ್ನೂ ಎಳೆದುಕೊಳ್ಳುವುದರಿಂದ ಮೊದಲ ವಾರಗಳಲ್ಲಿ ಏರುವ ತೂಕವನ್ನು ಹೊಸ ಸ್ನಾಯು ಎಂದುಕೊಳ್ಳುವವರು ಬಹಳ.

ಹಿಗ್ಗುವ ಗುಣವನ್ನು ಓದುಗರು ಈಗಲೇ ಪರೀಕ್ಷಿಸಬಹುದು. ಮಣಿಕಟ್ಟನ್ನು ನೇರ ಇಟ್ಟು ಮುಷ್ಟಿ ಬಿಗಿಯಿರಿ. ಆಮೇಲೆ ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಮಡಚಿ ಅದೇ ಮುಷ್ಟಿಯನ್ನು ಬಿಗಿಯಲು ನೋಡಿ. ಬೆರಳುಗಳು ಸಡಿಲಾಗುತ್ತವೆ, ಹಿಡಿದ ಪೆನ್ನನ್ನು ಬೇರೆಯವರು ಸುಲಭವಾಗಿ ಎಳೆದುಕೊಳ್ಳಬಹುದು. ಬೆರಳು ಮಡಚುವ ಸ್ನಾಯುಗಳು ಆ ಭಂಗಿಯಲ್ಲಿ ವಿಪರೀತ ಗಿಡ್ಡವಾಗಿ, ಆಕ್ಟಿನ್ ಮತ್ತು ಮಯೋಸಿನ್ ಎಳೆಗಳು ಪರಸ್ಪರ ಹಿಡಿಯಲು ಅನುಕೂಲವಾದ ಉದ್ದವನ್ನು ದಾಟಿಹೋಗಿರುತ್ತವೆ; ಅದೇ ಹೊತ್ತಿಗೆ ಕೈಹಿಂದಿನ ಸ್ನಾಯುಗಳು ಇನ್ನಷ್ಟು ಹಿಗ್ಗಲು ಒಪ್ಪುವುದಿಲ್ಲ. ಸ್ನಾಯುವಿನ ಬಲ ಅದರ ಉದ್ದವನ್ನು ಅವಲಂಬಿಸಿದೆ ಎಂಬುದನ್ನು 1966ರಲ್ಲಿ ಕಪ್ಪೆಯ ಒಂಟಿ ತಂತುಗಳ ಮೇಲೆ ಗಾರ್ಡನ್, ಆಂಡ್ರ್ಯೂ ಹಕ್ಸ್ಲಿ, ಜೂಲಿಯನ್ ಅಳೆದು ತೋರಿಸಿದರು. ಸಂಕುಚನದ ಮೂಲ ಘಟಕವಾದ ಸಾರ್ಕೊಮಿಯರ್ 2.0ರಿಂದ 2.2 ಮೈಕ್ರೋಮೀಟರ್ ಉದ್ದವಿದ್ದಾಗ ಬಲ ಗರಿಷ್ಠ, ಅದಕ್ಕಿಂತ ಗಿಡ್ಡವಾದರೂ ಉದ್ದವಾದರೂ ಕಡಿಮೆ. ಮೂಳೆ ಮುರಿದು ವಾರಗಟ್ಟಲೆ ಪ್ಲಾಸ್ಟರ್‌ನಲ್ಲಿ ಮಡಚಿಟ್ಟ ಕೈಯಲ್ಲಿ ಸ್ನಾಯು ತೆಳುವಾಗುವುದಷ್ಟೇ ಅಲ್ಲದೆ ಉದ್ದಕ್ಕೆ ಜೋಡಿಸಿದ ಸಾರ್ಕೊಮಿಯರ್‌ಗಳೂ ಕಡಿಮೆಯಾಗಿ ಅದು ಆ ಗಿಡ್ಡ ಉದ್ದಕ್ಕೇ ಒಗ್ಗಿಕೊಳ್ಳುತ್ತದೆ.

ಎಳೆದದ್ದನ್ನು ಬಿಟ್ಟಾಗ ಮರಳುವ ಗುಣಕ್ಕೆ ಒಳಗೆ ಟೈಟಿನ್ ಎಂಬ ಪ್ರೋಟೀನ್, ಹೊರಗೆ ಸುತ್ತಿಕೊಂಡ ಸಂಯೋಜಕ ಅಂಗಾಂಶ ಮತ್ತು ತುದಿಯ ಸ್ನಾಯುರಜ್ಜು ಕಾರಣ. ಮನುಷ್ಯನ ಪ್ರೋಟೀನ್‌ಗಳಲ್ಲೆಲ್ಲ ಟೈಟಿನ್ ಅತಿ ದೊಡ್ಡದು. ವಯಸ್ಸಾದಂತೆ ತಂತುಗಳ ನಡುವೆ ಕೊಬ್ಬು ಮತ್ತು ನಾರು ಅಂಗಾಂಶ ತುಂಬಿಕೊಂಡಾಗ ತೊಡೆಯ ಸುತ್ತಳತೆ ಮೊದಲಿನಷ್ಟೇ ಉಳಿದರೂ ಸ್ನಾಯು ಬಿರುಸಾಗುತ್ತದೆ. ಟೇಪು ಹಿಡಿದು ಅಳೆದರೆ ಇದು ಗೊತ್ತಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಇಚ್ಛೆಗೆ ಒಳಪಟ್ಟ ಸ್ನಾಯುವಿನ ಕಥೆ. ಹೃದಯ ಸ್ನಾಯುವಿನಲ್ಲೂ ಜಠರ, ಕರುಳು, ಗರ್ಭಕೋಶ, ರಕ್ತನಾಳಗಳ ಗೋಡೆಯ ನಯ ಸ್ನಾಯುವಿನಲ್ಲೂ ಇದೇ ಗುಣಗಳು ಬೇರೆ ಹದದಲ್ಲಿರುತ್ತವೆ. ಹೃದಯ ಸ್ನಾಯು ಒಮ್ಮೆ ಸ್ಪಂದಿಸಿದ ಮೇಲೆ ಮತ್ತೊಂದು ಪ್ರಚೋದನೆಗೆ ಸ್ಪಂದಿಸಲು ದೀರ್ಘ ಬಿಡುವು ತೆಗೆದುಕೊಳ್ಳುತ್ತದೆ, ಅದಕ್ಕೇ ಅದು ಕಾಲಿನ ಸ್ನಾಯುವಿನ ಹಾಗೆ ಸೆಟೆದು ನಿಲ್ಲುವುದಿಲ್ಲ. ನಯ ಸ್ನಾಯುವಿಗೂ ಚುಚ್ಚುಮದ್ದಿಗೂ ನೇರ ನಂಟಿದೆ: ಈ ಔಷಧಿಗಳು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದರಲ್ಲಿ, ವಾಕರಿಕೆ ಬರುವುದರಲ್ಲಿ ಜಠರದ ಗೋಡೆಯ ಮಂದಗತಿಯ ಪಾಲೂ ಇದೆ. ಅಂದರೆ ಒಂದೇ ಔಷಧಿ ಒಂದು ಬಗೆಯ ಸ್ನಾಯುವಿನ ವರ್ತನೆಯನ್ನು ಬೇಕೆಂದೇ ಬದಲಿಸುತ್ತಿದೆ, ಇನ್ನೊಂದು ಬಗೆಯ ಸ್ನಾಯುವಿನ ಪ್ರಮಾಣವನ್ನು ಬೇಡದೆಯೂ ಕಡಿಮೆ ಮಾಡುತ್ತಿದೆ. ಚರ್ಚೆಯಾಗುತ್ತಿರುವುದು ಎರಡನೆಯದು ಮಾತ್ರ.

ಪ್ರಮಾಣ ಮತ್ತು ಸಾಮರ್ಥ್ಯ ಒಟ್ಟಿಗೆ ಸಾಗುವುದಿಲ್ಲ ಎಂಬುದಕ್ಕೆ ಅತ್ಯುತ್ತಮ ಪುರಾವೆ ಬಂದಿರುವುದು ವೃದ್ಧಾಪ್ಯದ ಅಧ್ಯಯನಗಳಿಂದ. ಅಮೆರಿಕದಲ್ಲಿ 70ರಿಂದ 79 ವಯಸ್ಸಿನವರನ್ನು 3 ವರ್ಷ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲಿನ ಕೊಬ್ಬಲ್ಲದ ಭಾಗ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿದರೆ ಮೊಣಕಾಲಿನ ಬಲ ಅದರ ಸುಮಾರು ಮೂರು ಪಟ್ಟು ವೇಗದಲ್ಲಿ ಇಳಿಯಿತು. ಆ ಭಾಗ ಇಳಿಯದೆ ಉಳಿದವರಲ್ಲಿಯೂ ಬಲ ಕುಸಿಯಿತು. ಕಾರಣ ನರಗಳಲ್ಲಿದೆ, ತಂತುಗಳ ಜಾತಿಯಲ್ಲಿದೆ: ವಯಸ್ಸಾದಂತೆ ಬೆನ್ನುಹುರಿಯ ಚಾಲಕ ನರಕೋಶಗಳು ನಶಿಸುತ್ತವೆ, ಮತ್ತು ವೇಗವಾಗಿ ಸಂಕುಚಿಸುವ ತಂತುಗಳು ನಿಧಾನ ತಂತುಗಳಿಗಿಂತ ಮೊದಲು ಕುಗ್ಗುತ್ತವೆ. ಬಸ್ಸಿನ ಚಾಲಕ ಹಠಾತ್ತನೆ ಬ್ರೇಕ್ ಹಾಕಿದಾಗ ನಿಂತಿರುವ ಹಿರಿಯರೊಬ್ಬರಿಗೆ ಹೆಜ್ಜೆ ಮುಂದಿಟ್ಟು ಬೀಳದಂತೆ ತಡೆಯಲು ಸಿಗುವ ಸಮಯ ಸೆಕೆಂಡಿನ ಒಂದು ಸಣ್ಣ ಪಾಲು. ಸ್ನಾಯು ತನ್ನ ಗರಿಷ್ಠ ಬಲವನ್ನು ಮುಟ್ಟಲು ಸಾಮಾನ್ಯವಾಗಿ 300 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಹಾಗಾಗಿ ಅಲ್ಲಿ ಕಾಪಾಡುವುದು ಎಷ್ಟು ಬಲವಿದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಏರುತ್ತದೆ ಎಂಬುದು. ಆ ವೇಗ ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ.

ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1990ರಲ್ಲಿ ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ ಸುಮಾರು 90 ವರ್ಷ ವಯಸ್ಸಿನ ಬೆರಳೆಣಿಕೆಯಷ್ಟು ಜನರಿಗೆ 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಲಾಯಿತು. ಅವರ ತೊಡೆ ಸ್ನಾಯುವಿನ ವಿಸ್ತೀರ್ಣ ಶೇ. 9ರಷ್ಟು ಹೆಚ್ಚಿತು, ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಗುಂಪು ತೀರಾ ಚಿಕ್ಕದು, ನಿಜ, ಆದರೆ ಎರಡು ಅಂಕಿಗಳ ನಡುವಿನ ಅಂತರ ನಿರ್ಲಕ್ಷಿಸುವಂಥದ್ದಲ್ಲ. ಅದಕ್ಕೆ ವಿರುದ್ಧ ದಿಕ್ಕಿನ ಫಲಿತಾಂಶ 2020ರದು. ಸ್ನಾಯು ಬೆಳವಣಿಗೆಗೆ ಇರುವ ಸಹಜ ತಡೆಯನ್ನು ತೆಗೆಯುವ ಬಿಮಾಗ್ರುಮ್ಯಾಬ್ ಎಂಬ ಔಷಧಿಯನ್ನು ಸ್ನಾಯು ಕ್ಷಯಿಸಿದ ಹಿರಿಯರಿಗೆ ಕೊಟ್ಟಾಗ ಕೊಬ್ಬಲ್ಲದ ಭಾಗ ಸುಮಾರು ಶೇ. 7ರಷ್ಟು ಹೆಚ್ಚಿತು, ಹುಸಿಮದ್ದು ಪಡೆದವರಲ್ಲಿ ಶೇ. 1ರಷ್ಟು. ಆದರೆ ನಡಿಗೆ, ಸಮತೋಲ, ಕುರ್ಚಿಯಿಂದ ಏಳುವಿಕೆ ಸೇರಿದ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳಿಗೆ ಒಳ್ಳೆಯ ಆಹಾರ ಮತ್ತು ವ್ಯಾಯಾಮವೂ ಇತ್ತು ಎಂಬುದನ್ನು ಮರೆಯಬಾರದು. ಈಗ ಅದೇ ಔಷಧಿಯನ್ನು ಸೆಮಾಗ್ಲುಟೈಡ್‌ನ ಜೊತೆ ಕೊಟ್ಟು, ಇಳಿಯುವ ತೂಕ ಬಹುಪಾಲು ಕೊಬ್ಬಿನದೇ ಆಗುವಂತೆ ಮಾಡಬಹುದೆಂಬ ಫಲಿತಾಂಶಗಳು ಬಂದಿವೆ. ಸಂತೋಷದ ಸುದ್ದಿಯೇ. ಆದರೆ ಹಾಗೆ ಉಳಿಸಿಕೊಂಡ ಸ್ನಾಯು ಮೆಟ್ಟಿಲು ಹತ್ತಿಸುತ್ತದೆಯೇ ಎಂಬುದು ಪ್ರತ್ಯೇಕವಾಗಿ ಉತ್ತರಿಸಬೇಕಾದ ಪ್ರಶ್ನೆ.

ಭಾರತೀಯರ ವಿಷಯದಲ್ಲಿ ಪ್ರಮಾಣವನ್ನು ಪೂರ್ತಿ ಬದಿಗಿಡಲೂ ಸಾಧ್ಯವಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮದೇ ದೇಹಗಳ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಈ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಇನ್ಸುಲಿನ್‌ನ ಪ್ರಭಾವದಲ್ಲಿ ರಕ್ತದಿಂದ ಗ್ಲೂಕೋಸ್ ಹೀರಿಕೊಳ್ಳುವ ಕೆಲಸದ ಬಹುಪಾಲು ಸ್ನಾಯುವಿನದೇ ಆದ್ದರಿಂದ ಮಧುಮೇಹದ ಪ್ರಶ್ನೆಯೂ ಇದರಲ್ಲೇ ಬೆಸೆದುಕೊಂಡಿದೆ. ಕಡಿಮೆ ಬಂಡವಾಳದವರು ಕಳೆದುಕೊಂಡಾಗ ನಷ್ಟ ಹೆಚ್ಚು. ಹಾಗಿದ್ದೂ, ಪಾಶ್ಚಾತ್ಯ ದೇಹಗಳ ಮೇಲೆ ಬಂದ ಶೇಕಡಾವಾರು ಅಂಕಿಗಳನ್ನೇ ಇಲ್ಲಿ ಯಥಾವತ್ತಾಗಿ ಉದ್ಧರಿಸಲಾಗುತ್ತಿದೆ.

ಇದಕ್ಕೆ ಮಾರುಕಟ್ಟೆ ಕೊಟ್ಟಿರುವ ಉತ್ತರ ಪ್ರೋಟೀನ್. ಬಿಸ್ಕತ್ತಿನಲ್ಲಿ, ಮಜ್ಜಿಗೆಯಲ್ಲಿ, ಐಸ್‌ಕ್ರೀಮಿನಲ್ಲಿ ಕೂಡ ಪ್ರೋಟೀನ್ ಎಂದು ದಪ್ಪಕ್ಷರದಲ್ಲಿ ಬರೆಯಲಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. 60 ಕೆ.ಜಿ. ತೂಕದವರಿಗೆ ಇದು ಸುಮಾರು 50 ಗ್ರಾಂ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್, ಹುರುಳಿಯಲ್ಲಿ ಸುಮಾರು 22 ಗ್ರಾಂ. ಮುದ್ದೆಯ ಜೊತೆ ತಿಳಿಸಾರಿನ ಬದಲು ಗಟ್ಟಿ ಹುರುಳಿ ಸಾರು, ಮೊಟ್ಟೆ, ಮೊಸರು ಇದ್ದರೆ ಹೆಚ್ಚಿನವರಿಗೆ ಈ ಗುರಿ ದೂರದ್ದಲ್ಲ. ಆದರೆ ಚುಚ್ಚುಮದ್ದಿನಿಂದ ಹಸಿವು ಅರ್ಧಕ್ಕಿಳಿದವರು ಮೊದಲು ಬಿಡುವುದು ಇದೇ ಕಾಳುಪಲ್ಯವನ್ನು, ಮತ್ತು ಅವರ ಅಗತ್ಯ ಸಾಮಾನ್ಯರಿಗಿಂತ ಹೆಚ್ಚೇ ಇರುತ್ತದೆ. ಮಂಡಳಿಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈಬೆಳೆಸಲೆಂದು ಪ್ರೋಟೀನ್ ಪುಡಿಗಳ ಮೊರೆಹೋಗಬೇಡಿ ಎಂದಿತು. ಎಷ್ಟು ಪ್ರೋಟೀನ್ ತಿಂದರೂ ಭಾರದ ಪ್ರಚೋದನೆಯಿಲ್ಲದೆ ಸ್ನಾಯು ಬಲಗೊಳ್ಳುವುದಿಲ್ಲ ಎಂಬುದನ್ನು ಅದರ ಜೊತೆಗೇ ಗಟ್ಟಿಯಾಗಿ ಹೇಳಬೇಕಿತ್ತು. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿದ ಪ್ರಯೋಗವೊಂದರಲ್ಲಿ, ಶಿಫಾರಸಿನಷ್ಟು ಪ್ರೋಟೀನ್ ಕೊಟ್ಟಿದ್ದರೂ, ಕಾಲುಗಳಿಂದಲೇ ಸುಮಾರು 1 ಕೆ.ಜಿ. ಕೊಬ್ಬಲ್ಲದ ಭಾಗ ಹೋಗಿತ್ತು.

ಹಾಗಾದರೆ ಅಳೆಯಬೇಕಾದದ್ದೇನು? ಸಾರ್ಕೊಪೀನಿಯಾ ಎಂಬ ಹೆಸರಿನಲ್ಲಿ ಸ್ನಾಯು ಕ್ಷಯವನ್ನು ಗುರುತಿಸುವ ಯುರೋಪಿನ ತಜ್ಞರ ಗುಂಪು 2018ರ ಪರಿಷ್ಕರಣೆಯಲ್ಲಿ ಗಾತ್ರವನ್ನು ಹಿಂದಕ್ಕೆ ಸರಿಸಿ ಬಲವನ್ನು ಮೊದಲ ಮಾನದಂಡವಾಗಿಸಿತು. ಏಷ್ಯಾದ ಗುಂಪು 2019ರಲ್ಲಿ ಕೊಟ್ಟ ಗಡಿಗಳ ಪ್ರಕಾರ ಮುಷ್ಟಿಬಲ ಗಂಡಸರಲ್ಲಿ 28 ಕೆ.ಜಿ.ಗಿಂತ, ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಇದ್ದರೆ, ಅಥವಾ ಕೈ ಊರದೆ ಕುರ್ಚಿಯಿಂದ 5 ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಕುರ್ಚಿಯ ಪರೀಕ್ಷೆ ನನಗೆ ಹೆಚ್ಚು ಇಷ್ಟ, ಏಕೆಂದರೆ ಏಳುವಾಗ ತೊಡೆಯ ಸ್ನಾಯು ಗಿಡ್ಡವಾಗುತ್ತಾ ಬಲ ಹಾಕುತ್ತದೆ, ಕೂರುವಾಗ ಅದೇ ಸ್ನಾಯು ಹಿಗ್ಗುತ್ತಾ ತಡೆ ಕೊಡುತ್ತದೆ; ಎರಡು ಗುಣಗಳು ಒಂದೇ ಚಲನೆಯಲ್ಲಿ ಬಯಲಾಗುತ್ತವೆ. ಸರಾಗವಾಗಿ ಎದ್ದವರು ಕೂರುವಾಗ ದೊಪ್ಪನೆ ಬಿದ್ದರೆ ವೈದ್ಯರು ಅದನ್ನೂ ಬರೆದುಕೊಳ್ಳಬೇಕು. ಇದಕ್ಕೆ ಬೇಕಾದದ್ದು ಕುರ್ಚಿ ಮತ್ತು ಗಡಿಯಾರ. ಚುಚ್ಚುಮದ್ದು ಶುರುಮಾಡುವ ದಿನ ಒಮ್ಮೆ, ಮೂರು ತಿಂಗಳಿಗೊಮ್ಮೆ ಮತ್ತೆ, ತೂಕದ ಪಕ್ಕದಲ್ಲೇ ಈ ಅಂಕಿಯನ್ನು ಬರೆದಿಡಲು ಯಾವ ಕ್ಲಿನಿಕ್‌ಗೂ ಅಡ್ಡಿಯಿಲ್ಲ.

ಗಡಿಗಳ ವಿಚಾರದಲ್ಲಿ ಮಾತ್ರ ಒಂದು ತೊಡಕು ಉಳಿದಿದೆ. 17 ದೇಶಗಳ ಸುಮಾರು 1.4 ಲಕ್ಷ ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ ಭಾರತವೂ ಇತ್ತು, ಇಲ್ಲಿನ ಕೆಲಸದ ಕೇಂದ್ರ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. ಮುಷ್ಟಿಬಲ 5 ಕೆ.ಜಿ. ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿರುವುದನ್ನು, ಮತ್ತು ಈ ವಿಷಯದಲ್ಲಿ ಮುಷ್ಟಿಬಲವು ರಕ್ತದೊತ್ತಡಕ್ಕಿಂತ ಒಳ್ಳೆಯ ಸೂಚಕವಾಗಿರುವುದನ್ನು ಅದು ತೋರಿಸಿತು. ಇದು ನಂಟು, ಕಾರಣವೆಂದು ಸಾಬೀತಾಗಿಲ್ಲ. ಕಡಿಮೆ ಆದಾಯದ ದೇಶಗಳಲ್ಲಿ ಮುಷ್ಟಿಬಲದ ಸರಾಸರಿಯೇ ಕೆಳಗಿತ್ತು. 28 ಮತ್ತು 18ರ ಗಡಿಗಳು ಹೆಚ್ಚಾಗಿ ಪೂರ್ವ ಏಷ್ಯಾದ ಜನರ ಮಾಹಿತಿಯನ್ನು ಆಧರಿಸಿದವು. ಅವನ್ನು ಹಾಗೆಯೇ ಅನ್ವಯಿಸಿದರೆ ನಮ್ಮಲ್ಲಿ ಹೊಲಗದ್ದೆಯಲ್ಲಿ ದಿನವಿಡೀ ದುಡಿಯುವ ಅನೇಕರೂ ದುರ್ಬಲರ ಪಟ್ಟಿಗೆ ಸೇರಬಹುದು. ಗಡಿಯನ್ನು ಇಳಿಸಿದರೆ ಬಾಲ್ಯದ ಅಪೌಷ್ಟಿಕತೆಯಿಂದ ಬಂದ ನಿಜವಾದ ಬಲಹೀನತೆಯನ್ನು ‘ಭಾರತೀಯರು ಇರುವುದೇ ಹೀಗೆ’ ಎಂದು ಒಪ್ಪಿಕೊಂಡಂತಾಗುತ್ತದೆ. ಎರಡರಲ್ಲಿ ಯಾವುದು ಸರಿ ಎಂಬುದನ್ನು ಸರಾಸರಿಗಳಿಂದ ನಿರ್ಧರಿಸಲಾಗದು; ಯಾವ ಮುಷ್ಟಿಬಲಕ್ಕಿಂತ ಕೆಳಗೆ ಇಲ್ಲಿನ ಹಿರಿಯರು ನೆಲದಿಂದ ಏಳಲಾರದೆ ಹೋಗುತ್ತಾರೆ, ಬೀಳತೊಡಗುತ್ತಾರೆ ಎಂಬುದನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿಯೇ ಗಡಿ ಹಾಕಬೇಕು. 2017-18ರಲ್ಲಿ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮುಷ್ಟಿಬಲದ ಅಳತೆಯೂ ಇತ್ತು, ಆದ್ದರಿಂದ ಆ ಕೆಲಸವನ್ನು ಸೊನ್ನೆಯಿಂದ ಶುರುಮಾಡಬೇಕಾಗಿಲ್ಲ.